ತೇಲುವ ಪಾತ್ರಕ್ಕೆ ತೂಕ ಬಂದದ್ದು ಹೀಗೆ

3ಡಿ ಅನಿಮೇಶನ್ ಶಾಟನ್ನು ಬೇಗ ಮುಗಿಸಿದರೆ ಪಾತ್ರ ತೂಕವಿಲ್ಲದೆ ತೇಲುತ್ತಿತ್ತು, ನಯ ಮಾಡಲು ಕೂತರೆ ಗಡುವು ಮೀರುತ್ತಿತ್ತು. ಕೊನೆಗೆ ಬದಲಿಸಬೇಕಾದದ್ದು ಕೈವೇಗವನ್ನಲ್ಲ, ಕೆಲಸದ ಕ್ರಮವನ್ನು.

ಮೆಜೆಸ್ಟಿಕ್‌ನಲ್ಲಿ ಓಡಿಬಂದು ಬಸ್ ಹತ್ತುವವನ 5 ಸೆಕೆಂಡಿನ ಶಾಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 24ರಂತೆ 120 ಫ್ರೇಮ್. ಮೊದಲು ಮುಖ್ಯ ಪೋಸ್‌ಗಳು ಮಾತ್ರ: ಓಟ, ಕಂಬಿ ಹಿಡಿದದ್ದು, ಮೆಟ್ಟಿಲ ಮೇಲೆ ಕಾಲು, ಒಳಗೆ ನಿಂತದ್ದು. ಪ್ರತಿ ಪೋಸ್‌ಗೂ ಎಲ್ಲ ಕಂಟ್ರೋಲ್‌ಗಳ (ಪಾತ್ರದ ಅಂಗಗಳನ್ನು ಆಡಿಸುವ ಹಿಡಿಕೆಗಳ) ಕೀ, ಅಂದರೆ ಅವುಗಳ ಸ್ಥಾನದ ದಾಖಲೆ, ಒಂದೇ ಫ್ರೇಮಿನಲ್ಲಿರಲಿ. ನಡುವೆ ಚಲನೆಯಿಲ್ಲದೆ ಪೋಸ್‌ನಿಂದ ಪೋಸ್‌ಗೆ ನೇರ ಜಿಗಿಯುವ ಸೆಟ್ಟಿಂಗ್ ಇರಲಿ: ಮಾಯಾ ಸಾಫ್ಟ್‌ವೇರಿನಲ್ಲಾದರೆ ಸ್ಟೆಪ್ಡ್, ಬ್ಲೆಂಡರ್‌ನಲ್ಲಾದರೆ ಕಾನ್‌ಸ್ಟಂಟ್. ಲೀಡ್‌ಗೆ (ತಂಡದ ಮುಖ್ಯಸ್ಥರಿಗೆ) ತೋರಿಸಬೇಕಾದದ್ದು ಈಗಲೇ. ಪಾಲಿಶ್ ಆದಮೇಲೆ ಪೋಸ್ ಬದಲಿಸಿ ಎಂದರೆ ಮಾಡಿದ್ದೆಲ್ಲ ನೀರುಪಾಲು. ಬ್ರೇಕ್‌ಡೌನ್ (ಎರಡು ಮುಖ್ಯ ಪೋಸ್‌ಗಳ ನಡುವಿನ ಪೋಸ್) ಸೇರಿಸುತ್ತಾ ಕೀಗಳ ಅಂತರ ಸುಮಾರು 4 ಫ್ರೇಮಿಗೆ ಇಳಿಯುವವರೆಗೂ ಸ್ಪ್ಲೈನ್ (ಕೀಯಿಂದ ಕೀಗೆ ನಯವಾಗಿ ಚಲಿಸುವ ಸೆಟ್ಟಿಂಗ್) ಮುಟ್ಟಬೇಡಿ. ಅಂತರ ದೊಡ್ಡದಿದ್ದರೆ ನಡುವಿನ ಚಲನೆಯನ್ನು ಸಾಫ್ಟ್‌ವೇರೇ ತನಗೆ ತೋಚಿದಂತೆ ತುಂಬುತ್ತದೆ, ತೇಲುವುದು ಅದರಿಂದಲೇ.

ಆಮೇಲೆ ಚಲನೆಯನ್ನು ಕರ್ವ್‌ಗಳಾಗಿ, ಅಂದರೆ ಬಾಗುಗೆರೆಗಳಾಗಿ, ತೋರಿಸುವ ಗ್ರಾಫ್ ಎಡಿಟರ್. ಸೊಂಟದ ಏರಿಳಿತದ ಕರ್ವ್ ಮೊದಲು. ಬೆನ್ನು, ತಲೆ, ಕೈ ನಂತರ. ಬೆರಳುಗಳ ಗೋಜು ದೂರದ ಶಾಟ್‌ನಲ್ಲಿ ಬೇಡವೇ ಬೇಡ, ಆದರೆ ಕಂಬಿ ಹಿಡಿದ ಕೈ ಕದಲಕೂಡದು. ಊರಿದ ಪಾದ ಜಾರುತ್ತಿದ್ದರೆ ಊರಿದಾಗಿನ ಮತ್ತು ಎತ್ತುವ ಮುಂಚಿನ ಕೀಗಳಿಗೆ ಒಂದೇ ಮೌಲ್ಯ ಕೊಟ್ಟು, ನಡುವಿನ ಟ್ಯಾಂಜೆಂಟ್ (ಕರ್ವಿನ ಓರೆ) ಫ್ಲಾಟ್ ಮಾಡಿ. ಮಂಡಿ ಫಟ್ಟನೆ ನೆಟ್ಟಗಾಗುತ್ತಿದ್ದರೆ ಆ ಫ್ರೇಮಿನಲ್ಲಿ ಸೊಂಟವನ್ನು ತುಸು ಇಳಿಸಿದರೆ ಸಾಕು.