ಮೊದಲು ನಾನು ಬರೆಯುತ್ತೇನೆ, ಆಮೇಲೆ ಎಐ ಏನಂತು ನೋಡುತ್ತೇನೆ

ಮಂಡ್ಯದ ನನ್ನ ಕ್ಲಿನಿಕ್ಕಿನಲ್ಲಿ ಶುಗರ್ ಇರುವವರ ರೆಟಿನಾ (ಕಣ್ಣಿನೊಳಗೆ ಹಿಂಬದಿಯ ಪರದೆ, ಶುಗರ್ ಕೆಡಿಸುವುದು ಇದನ್ನೇ) ಫೋಟೊ ತೆಗೆದು ಎಐನಿಂದ ಓದಿಸಲು ಶುರು ಮಾಡಿ ಎರಡು ವರ್ಷ ದಾಟಿತು. ಡಾಕ್ಟರುಗಳ ಸಭೆಯಲ್ಲಿ ಮೊದಲ ಸಲ ಹೇಳಿದಾಗ ಹಿರಿಯರೊಬ್ಬರು, "ಅದು ಕಣ್ಣಿನ ಡಾಕ್ಟರ ಕೆಲಸ ಕಣಯ್ಯಾ, ನಿನಗ್ಯಾಕೆ?" ಅಂದಿದ್ದರು. ಈಗ ಅವರೇ ತಮ್ಮ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೈಯಲ್ಲಿ ಹಿಡಿಯುವ ಕ್ಯಾಮೆರಾ, ಸಾಫ್ಟ್‌ವೇರ್ ಎಲ್ಲ ಸೇರಿ ಹೆಚ್ಚುಕಡಿಮೆ 4.5 ಲಕ್ಷ ಬಿತ್ತು. ಅದರಲ್ಲಿ ಅರ್ಧ ಬ್ಯಾಂಕ್ ಸಾಲ. ಮೊದಲ 3 ತಿಂಗಳು ಕೈ ಸುಟ್ಟುಕೊಂಡೆ. 10 ಜನರಲ್ಲಿ 3-4 ಜನರ ಫೋಟೊ ಓದಲು ಬರುವುದಿಲ್ಲ ಅನ್ನುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ "ನಮ್ಮದು ಸರಿಯಿದೆ ಸಾರ್" ಅನ್ನುವ ಒಂದೇ ಉತ್ತರ. ಇದೇ ಕೆಲಸಕ್ಕೆ ಗೂಗಲ್‌ನವರು ಮಾಡಿದ ಎಐ ಅರವಿಂದ ಕಣ್ಣಾಸ್ಪತ್ರೆಯದೂ ಸೇರಿ ಒಂದೂಕಾಲು ಲಕ್ಷಕ್ಕೂ ಜಾಸ್ತಿ ಫೋಟೊ ನೋಡಿ ಕಲಿತದ್ದು. 2016ರಲ್ಲಿ ಅದು ದೊಡ್ಡ ಸುದ್ದಿ. ಅಂಥದ್ದೂ ಥಾಯ್ಲೆಂಡಿನ ಕ್ಲಿನಿಕ್ಕುಗಳಿಗೆ ಹೋದಾಗ ಐದರಲ್ಲಿ ಒಂದು ಫೋಟೊವನ್ನು ವಾಪಸ್ ತಳ್ಳಿತ್ತು. ಅಲ್ಲಿನ ಕೋಣೆಗಳಲ್ಲಿ ಕತ್ತಲು ಸಾಲದು. 2020ರ ಆ ವರದಿ ಓದಿದ ಮೇಲೆ ನನ್ನ ಕೋಣೆ ಕಡೆ ನೋಡಿದೆ.

ಔಷಧಿ ಇಡುವ ಚಿಕ್ಕ ರೂಮಿಗೆ ಕಪ್ಪು ಪರದೆ ಕಟ್ಟಿಸಿದೆ. ಕಣ್ಣಿನ ಪಾಪೆ ಅಗಲವಾಗಲಿ ಅಂತ ಒಳಗೆ 5 ನಿಮಿಷ ಸುಮ್ನೆ ಕೂರಿಸುವುದು. ವಯಸ್ಸಾದವರಿಗೆ ಪಾಪೆ ಅಗಲಿಸುವ ಟ್ರೋಪಿಕಮೈಡ್ ಹನಿ. ರೋಗಿಯ ತಲೆ ಅಲುಗದಂತೆ ನಮ್ಮ ಸಿಸ್ಟರ್ ಕೂರಿಸುವ ರೀತಿ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಬಂದು ನೋಡಿ. ಈಗ 10ರಲ್ಲಿ ಒಂದು ಕೆಡಬಹುದು, ಅದೂ ಬಹುಪಾಲು ಪೊರೆ ಬಂದ ಕಣ್ಣು. ಅಂಥವರನ್ನು ಹಾಗೇ ಬಿಡಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬರ ಫೋಟೊಗೆ ಎಐ "ತೊಂದರೆ ಇಲ್ಲ" ಅಂತು. ನಾನೂ ಫೈಲ್ ಮುಚ್ಚಿದೆ. 3 ತಿಂಗಳಿಗೆ ಎಡಗಣ್ಣು ಮಂಜು ಅಂತ ಬಂದರು. ಹಳೇ ಫೋಟೊ ತೆಗೆದರೆ ಮ್ಯಾಕುಲಾ (ರೆಟಿನಾದ ನಡುಭಾಗ) ಪಕ್ಕದಲ್ಲೇ ಹಳದಿ ಚುಕ್ಕೆಗಳು. ನನ್ನ ಕಣ್ಣಿಗೇ ಕಾಣುತ್ತಿದ್ದವು! ಎಐನ ಹಸಿರು ಬಣ್ಣದ ಉತ್ತರ ಮೊದಲೇ ನೋಡಿಬಿಟ್ಟಿದ್ದರಿಂದ ಫೋಟೊವನ್ನು ನಾನು ಸರಿಯಾಗಿ ನೋಡೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಒಂದೇ ನಿಯಮ. ಉತ್ತರ ಬಂದರೂ ಸಿಸ್ಟರ್ ನನಗೆ ತೋರಿಸುವಂತಿಲ್ಲ. ನಾನು ಬರೀ ಫೋಟೊ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಎಐನದು ತೆರೆಯುವುದು. ಎರಡೂ ಬೇರೆ ಬಂದರೆ ಫೋಟೊ ಮೈಸೂರಿನ ರೆಟಿನಾ ಡಾಕ್ಟರಿಗೆ ಹೋಗುತ್ತದೆ, ಒಂದಕ್ಕೆ 50 ರೂಪಾಯಿ ನನ್ನ ಜೇಬಿನಿಂದ. ಇಲ್ಲಿಯವರೆಗೆ 1,400 ಜನ ಆಗಿರಬಹುದು. ಸುಮಾರು 90 ಸಲ ನಮ್ಮಿಬ್ಬರಿಗೂ ತಾಳೆಯಾಗಿಲ್ಲ. ಅದರಲ್ಲಿ 50ರಷ್ಟು ಸಲ ಎಐ ಸರಿ, ಉಳಿದದ್ದರಲ್ಲಿ ನಾನು. ಚಿಕ್ಕ ಕೆಂಪು ಚುಕ್ಕೆ ಅದರ ಕಣ್ಣು ತಪ್ಪಿಸುವುದು ಕಷ್ಟ. ಸಂಜೆ ಹೊತ್ತಿಗೆ ನನ್ನ ಕಣ್ಣಿಗೆ ಅದು ತಪ್ಪಿಹೋಗುತ್ತದೆ.

ನಡುವೆ ಎದೆ ಎಕ್ಸ್‌ರೇಗೂ ಕೈ ಹಾಕಿದ್ದೆ. ಟಿಬಿ ಹುಡುಕಲು 15 ವರ್ಷ ದಾಟಿದವರಲ್ಲಿ ಎಐ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಆದರೆ ನನ್ನಲ್ಲಿ ಹಳೇ ಟಿಬಿ ವಾಸಿಯಾದ ಕಲೆಗೂ ಟಿಬಿ ಇರಬಹುದು ಅನ್ನುವ ಎಐನ ಅಂಕ ಏರುತ್ತಿತ್ತು. ತಿಂಗಳಿಗೆ ಬರುವ ಎಕ್ಸ್‌ರೇ 20 ಇದ್ದರೆ ಹೆಚ್ಚು. ದುಡ್ಡು ಹುಟ್ಟದು ಅಂತ ಬಿಟ್ಟೆ. ಚಾಟ್‌ಬಾಟ್ ಕೈಲಿ ಊಟದ ಚೀಟಿ ಬರೆಸಿದರೆ ಓಟ್ಸ್ ತಿನ್ನಿ ಅಂತು. ಮುದ್ದೆ ಎಷ್ಟು, ಬೆಲ್ಲ ಯಾಕೆ ಬೇಡ ಅಂತ ನಾನೇ ಕೂತು ಬರೆದೆ.

ಒಬ್ಬರಿಗೆ 250 ರೂಪಾಯಿ ತೆಗೆದುಕೊಳ್ಳುತ್ತೇನೆ, ಕೈಲಾಗದವರಿಗೆ ಇಲ್ಲ. ಬ್ಯಾಂಕ್ ಸಾಲ ಹೋದ ತಿಂಗಳು ತೀರಿತು. ನಾನು ಕೈಯಿಂದ ಹಾಕಿದ ಉಳಿದರ್ಧ ಇನ್ನೂ ಬರಬೇಕು.

ಇನ್ನೊಂದು ಕಷ್ಟ ಎಐಗೆ ಸಂಬಂಧಿಸಿದ್ದಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದವರಲ್ಲಿ ಮೊದಮೊದಲು ಅರ್ಧ ಜನ ಹೋಗುತ್ತಲೇ ಇರಲಿಲ್ಲ. "ಕಣ್ಣು ಚೆನ್ನಾಗೇ ಕಾಣ್ತದಲ್ಲ ಡಾಕ್ಟ್ರೇ, ಮೈಸೂರಿಗ್ಯಾಕೆ?" ಅನ್ನುತ್ತಿದ್ದರು. ಈಗ ಒಳ್ಳೇ ಕಣ್ಣಿನ ಫೋಟೊ, ಅವರ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮನೆಯವರನ್ನೂ ಒಳಗೆ ಕರೆಯುತ್ತೇನೆ. 10ರಲ್ಲಿ 7 ಜನ ಹೋಗುತ್ತಿದ್ದಾರೆ. ಆಲೆಮನೆಯವರಿಗೂ ಕಣ್ಣಿಗೆ 3 ಇಂಜೆಕ್ಷನ್ ಆಯಿತು. ಮೊನ್ನೆ ತಮ್ಮ ತಮ್ಮನನ್ನೂ ಕರೆದುಕೊಂಡು ಬಂದಿದ್ದರು.