ಕಂಠ ‘ಕಂರ’ ಆಗದಿರಲಿ: ರಾಕ್ ಪತ್ರಿಕೆಗೆ ಬಣ್ಣ, ಫಾಂಟ್ ಆರಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಗೆಳೆಯರು ಸೇರಿ 16 ಪುಟದ ಒಂದು ಕನ್ನಡ ರಾಕ್ ಪತ್ರಿಕೆ ತಂದರು. ವಿನ್ಯಾಸ ನಂದು. ಎಲ್ಲ ಪುಟಕ್ಕೂ ಕಪ್ಪು ಹಿನ್ನೆಲೆ, ಮೇಲೆ ಬಿಳಿ ಅಕ್ಷರ, ಸೈಜ್ 8 ಪಾಯಿಂಟ್. ಲ್ಯಾಪ್‌ಟಾಪ್‌ನಲ್ಲಿ ಭರ್ಜರಿಯಾಗಿತ್ತು. ಪ್ರೆಸ್ಸಿನಿಂದ ಬಂದ ಮೊದಲ ಪ್ರತಿ ಬಿಡಿಸಿದರೆ, ಹಾಡುಗಾರನ ‘ಒರಟು ಕಂಠ’ ಇರಬೇಕಾದ ಕಡೆ ‘ಒರಟು ಕಂರ’ ಇತ್ತು. ಟೈಪಿಂಗ್ ತಪ್ಪಲ್ಲ. ಠ ಹೊಟ್ಟೆಯೊಳಗಿನ ಬಿಳಿ ಚುಕ್ಕಿಯನ್ನು ಸುತ್ತಲಿನ ಕಪ್ಪು ಶಾಯಿ ನುಂಗಿಬಿಟ್ಟಿತ್ತು. ಹಾಗೇ ‘ಧ್ವನಿ’ ಹೋಗಿ ‘ದ್ವನಿ’. ಓದಿದವರೆಲ್ಲ ನಮಗೆ ಕಾಗುಣಿತವೇ ಬರಲ್ಲ ಅಂದುಕೊಂಡರು.

ಆಮೇಲೆ ಇಂಥ ಪತ್ರಿಕೆ ಮಾಡುವ ಹುಡುಗರು ಫೈಲ್ ಕಳಿಸಿ ‘ಸ್ವಲ್ಪ ನೋಡಿ ಸಾರ್’ ಅನ್ನುತ್ತಲೇ ಇದ್ದಾರೆ. ತಪ್ಪುಗಳೂ ಅವೇ. ಆದ್ದರಿಂದ ಒಂದೇ ಸಲ ಬರೆದು ಮುಗಿಸುತ್ತೇನೆ.

ಹೆಜ್ಜೆ 1: ಕಾಗದ

ಮೊದಲು ಪ್ರೆಸ್ಸಿಗೆ ಹೋಗಿ ಕಾಗದ ಮುಟ್ಟಿ ನೋಡಿ. ನ್ಯೂಸ್‌ಪ್ರಿಂಟ್ (ದಿನಪತ್ರಿಕೆಯ ಕಾಗದ) ಶಾಯಿ ಹೀರುತ್ತದೆ, ನುಣುಪು ಲೇಪದ ಆರ್ಟ್ ಪೇಪರ್ ಹೀರುವುದು ಕಡಿಮೆ, ಪುಸ್ತಕಗಳಿಗೆ ಬಳಸುವ ಮ್ಯಾಪ್‌ಲಿಥೊ ನಡುವೆ. ಕಾಗದ ಗೊತ್ತಿಲ್ಲದೆ ಬಣ್ಣ ಆರಿಸುವುದು ಗೋಡೆ ನೋಡದೆ ಪೇಂಟ್ ತಂದಂತೆ.

ಹೆಜ್ಜೆ 2: ಬಣ್ಣ, ಒಂದೇ ಒಂದು

ರಾಕ್ ಅಂದರೆ ಕಪ್ಪು ಅನ್ನುವುದರಲ್ಲಿ ತಪ್ಪೇನಿಲ್ಲ. 2007ರ ಮಾರ್ಚ್ 17ರಂದು ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತಲ್ಲ, ಆ ಫೋಟೊಗಳನ್ನು ನೋಡಿ, ಕಪ್ಪು ಟೀ ಶರ್ಟಿನ ಸಮುದ್ರ. ಆದರೆ ಕಪ್ಪಿನ ಜೊತೆ ಕೆಂಪು, ಬೆಳ್ಳಿ, ಬೆಂಕಿಯ ಕಿತ್ತಳೆ, ವಿಷದ ಹಸಿರು ಎಲ್ಲವನ್ನೂ ಸುರಿದರೆ ಪತ್ರಿಕೆ ಪಟಾಕಿ ಡಬ್ಬಿ ಥರ ಕಾಣುತ್ತದೆ.

ನನ್ನ ಲೆಕ್ಕ ಇಷ್ಟೇ: ಕಪ್ಪು, ಕಾಗದದ ಬಿಳಿ, ಇನ್ನೊಂದು ಬಣ್ಣ. ಆ ಇನ್ನೊಂದನ್ನು ನಿಮ್ಮ ಸಂಗೀತ ನೋಡಿ ಆರಿಸಿ. ಒರಟು, ಬಂಡಾಯದ ಪಂಕ್ ರಾಕ್ ಜಾಸ್ತಿ ಇದ್ದರೆ ಕಣ್ಣಿಗೆ ಹೊಡೆಯುವ ಹಳದಿ ಅಥವಾ ಗುಲಾಬಿ. 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಆಲ್ಬಮ್ ಮುಖಪುಟಕ್ಕೆ ವಿನ್ಯಾಸಕ ಜೇಮಿ ರೀಡ್ ಬಳಸಿದ್ದು ಅವನ್ನೇ. ಅಲ್ಲಿ ಚಂದಕ್ಕಿಂತ ಕಿರಿಕಿರಿಯೇ ಗುರಿ. ಬ್ಲೂಸ್, ಫೋಕ್ ರಾಕ್ ಆದರೆ ಇಟ್ಟಿಗೆ ಬಣ್ಣ, ಸಾಸಿವೆ ಬಣ್ಣ. ಮೆಟಲ್‌ಗೆ ಎಲ್ಲರೂ ರಕ್ತಗೆಂಪು ಹಾಕುತ್ತಾರೆ, ದಯವಿಟ್ಟು ನೀವು ಬೇರೆ ಏನಾದರೂ ಹಾಕಿ. ಮಾಸಿದ ತಾಮ್ರದ ಹಸಿರು ಒಮ್ಮೆ ಪ್ರಯತ್ನಿಸಿ. ಇದರಲ್ಲಿ ದುಡ್ಡಿನ ಲಾಭವೂ ಇದೆ. ಆಫ್‌ಸೆಟ್‌ನಲ್ಲಿ ಎರಡೇ ಬಣ್ಣ ಅಂದರೆ ಎರಡೇ ಪ್ಲೇಟ್ (ಒಂದೊಂದು ಶಾಯಿಗೆ ಒಂದೊಂದು ಅಚ್ಚಿನ ತಗಡು).

ಕೆಂಪಿನ ಮೇಲೆ ನೀಲಿ ಅಕ್ಷರ ಹಾಕಿ ‘ಸೈಕೆಡೆಲಿಕ್’ (ಅಮಲಿನ ಭ್ರಮೆಯಂಥ ಶೈಲಿ) ಅನ್ನುವವರು ಇದ್ದಾರೆ. 1960ರ ದಶಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಕ್ಟರ್ ಮಾಸ್ಕೊಸೊ ಹೀಗೆ ಅಕ್ಷರ ನಡುಗುವಂಥ ಪೋಸ್ಟರ್ ಮಾಡಿದ್ದು ನಿಜ. ಆದರೆ ಅದು ಪೋಸ್ಟರ್, ಹತ್ತಾರು ಪದ. ನೀವು 900 ಪದದ ಸಂದರ್ಶನಕ್ಕೆ ಅದನ್ನು ಮಾಡಿದರೆ ಓದುವವರಿಗೆ ತಲೆನೋವು ಗ್ಯಾರಂಟಿ. ಬಣ್ಣದ ಜೋಡಿ ಸರಿ ಇದೆಯಾ ಅಂತ ನೋಡಲು ಪುಟವನ್ನು ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ. ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋದರೆ ಆ ಜೋಡಿ ಬಿಟ್ಟುಬಿಡಿ.

ಹೆಜ್ಜೆ 3: ಕಪ್ಪು ಅಂದರೆ ಯಾವ ಕಪ್ಪು?

ಎರಡು ಬಣ್ಣ ಬಿಟ್ಟು ನಾಲ್ಕು ಬಣ್ಣದ ಮುದ್ರಣಕ್ಕೆ ಹೋದರೆ, ಅಲ್ಲಿ ಬರೀ ಕಪ್ಪು ಶಾಯಿಯನ್ನು ದೊಡ್ಡ ಜಾಗಕ್ಕೆ ಹಾಕಿದರೆ ತೊಳೆದ ಜೀನ್ಸ್ ಥರ ಬೂದಿಯಾಗಿ ಬರುತ್ತದೆ. ಅದಕ್ಕೇ ಹಿನ್ನೆಲೆಗೆ ಬೇರೆ ಶಾಯಿಗಳನ್ನೂ ಸೇರಿಸುತ್ತಾರೆ. ನಾನು ಹಾಕುವುದು ಪ್ರತಿಶತ ಲೆಕ್ಕದಲ್ಲಿ ಸಯಾನ್ (ತಿಳಿ ನೀಲಿ) 60, ಮೆಜೆಂಟಾ (ಗುಲಾಬಿಗೆಂಪು) 40, ಹಳದಿ 40, ಕಪ್ಪು 100. ಕೂಡಿದರೆ 240, ನ್ಯೂಸ್‌ಪ್ರಿಂಟ್‌ಗೆ ಅಷ್ಟೇ ಮಿತಿ. ಜಾಸ್ತಿ ಆದರೆ ಒಣಗದೆ ಎದುರಿನ ಪುಟಕ್ಕೆ ಮೆತ್ತಿಕೊಳ್ಳುತ್ತದೆ. ಈ ಮಿಶ್ರಣವನ್ನು ಅಕ್ಷರಕ್ಕೆ ಮಾತ್ರ ಹಾಕಬೇಡಿ. ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರಕ್ಕೂ ಕೆಂಪು, ನೀಲಿ ನೆರಳು ಬರುತ್ತದೆ. ಅಕ್ಷರಕ್ಕೆ ಬರೀ ಕಪ್ಪು 100 ಸಾಕು.

ಕಪ್ಪಿನ ಮೇಲೆ ಬಿಳಿ ಅಕ್ಷರ, ಪ್ರೆಸ್ಸಿನವರ ಮಾತಿನಲ್ಲಿ ರಿವರ್ಸ್, ಮಾಡಲೇಬೇಕು ಅಂದರೆ 11 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ, ಫಾಂಟ್ ಮೀಡಿಯಮ್ ತೂಕದ್ದಿರಲಿ, ಒಂದು ಸಂಚಿಕೆಯಲ್ಲಿ ಎರಡು ಪುಟಕ್ಕಿಂತ ಹೆಚ್ಚು ಬೇಡ. ‘ಕಂರ’ ಕಲಿಸಿದ ಪಾಠ ಇದು.

ಹೆಜ್ಜೆ 4: ಫಾಂಟ್. ಎಲ್ಲರೂ ಎಡವುವುದು ಇಲ್ಲೇ

ಇಂಗ್ಲಿಷ್ ರಾಕ್ ಪತ್ರಿಕೆಗಳ ಅರ್ಧ ಗತ್ತು ದೊಡ್ಡಕ್ಷರದಲ್ಲಿ, ಅಂದರೆ ಕ್ಯಾಪಿಟಲ್ ಲೆಟರ್‌ನಲ್ಲಿದೆ. ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ. ಕನ್ನಡದಲ್ಲಿ ಕಿರುಚಬೇಕು ಅಂದರೆ ತೂಕ ಮತ್ತು ಅಳತೆ, ಇವೆರಡೇ ದಾರಿ. ಶೀರ್ಷಿಕೆಗೆ 60 ಪಾಯಿಂಟ್ ದಪ್ಪ ಅಕ್ಷರ, ಕೆಳಗೆ 10 ಪಾಯಿಂಟ್ ತೆಳು ಅಕ್ಷರ, ನಡುವೆ ಏನೂ ಇಲ್ಲ. ಈ ಜಿಗಿತವೇ ಸದ್ದು ಮಾಡುತ್ತದೆ. 24, 18, 14 ಅಂತ ಮೆಟ್ಟಿಲು ಕಟ್ಟಿದರೆ ಸಹಕಾರ ಸಂಘದ ವಾರ್ಷಿಕ ವರದಿ ಆಗುತ್ತದೆ.

ಇನ್ನೊಂದು ಗೀಳು ಮುಳ್ಳಿನ ಅಕ್ಷರ. ಹಳೇ ಜರ್ಮನ್ ಲಿಪಿಯ ಚೂಪು ಕೋನಗಳನ್ನು ಮೆಟಲ್ ಬ್ಯಾಂಡುಗಳು ತಮ್ಮದು ಮಾಡಿಕೊಂಡಿವೆ, ಸರಿ. ಅದನ್ನು ನೋಡಿ ನಮ್ಮವರು ಕನ್ನಡದ ತಲೆಕಟ್ಟಿಗೂ ಕತ್ತಿ ಕಟ್ಟುತ್ತಾರೆ. ಆಗ ತಲೆಕಟ್ಟು ಯಾವುದು, ಏತ್ವ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಒಬ್ಬ ಹುಡುಗ ಮೋಟರ್‌ಹೆಡ್ ಬ್ಯಾಂಡಿನ ಇಂಗ್ಲಿಷ್ ಹೆಸರಿನ ಮೇಲಿನ ಎರಡು ಚುಕ್ಕಿ ಇಷ್ಟವಾಗಿ ತನ್ನ ‘ಮೆಟಲ್’ಗೂ ಎರಡು ಚುಕ್ಕಿ ಇಟ್ಟಿದ್ದ. ನಮ್ಮಲ್ಲಿ ಎರಡು ಚುಕ್ಕಿ ವಿಸರ್ಗ ಅಲ್ವಾ? ‘ಮೆಟಃಲ್’ ಅಂತ ಓದಿ ನಕ್ಕಿದ್ದೇ ನಕ್ಕಿದ್ದು.

ನಮ್ಮ ಅಕ್ಷರ ಗುಂಡಗಿದೆ. ಅದರ ಜೊತೆ ಜಗಳ ಆಡಬೇಡಿ. ಸ್ಫೂರ್ತಿ ಬೇಕಿದ್ದರೆ 1966ರ ಸುಮಾರಿಗೆ ವೆಸ್ ವಿಲ್ಸನ್ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ಸಂಗೀತ ಸಭಾಂಗಣಕ್ಕೆ ಮಾಡಿದ ಪೋಸ್ಟರ್‌ಗಳನ್ನು ನೋಡಿ. ಉಬ್ಬಿ, ಬಳುಕಿ, ಒಂದಕ್ಕೊಂದು ಒತ್ತಿಕೊಂಡು ಕೂತ ಅಕ್ಷರಗಳು. ಕನ್ನಡಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ.

ಶೀರ್ಷಿಕೆಗೆ ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ತೆಳುವಿನಿಂದ ಅತಿ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಒಂದೇ ಕುಟುಂಬದಲ್ಲಿ ಸಿಗುತ್ತದೆ. ‘ಬಲೂ ತಮ್ಮ’ ಫಾಂಟ್ ದಪ್ಪಗೆ ಚೆನ್ನಾಗಿದೆ, ಆದರೆ ಮುದ್ದು ಜಾಸ್ತಿ, ಮಕ್ಕಳ ಪುಟಕ್ಕೆ ಸರಿ, ನಿಧಾನದ, ಕತ್ತಲೆ ತುಂಬಿದ ಡೂಮ್ ಮೆಟಲ್‌ಗೆ ಅಲ್ಲ. ಅಕಾಯ ಕನಡಕ ಫಾಂಟಿಗೆ ಕೈಬರಹದ ತಿಕ್ಕಲುತನ ಇದೆ, ಒಂದೆರಡು ಪದಕ್ಕೆ ಬಳಸಿ. ಒಳಪುಟದ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ. ತಿರೊಗೆ ಬೋಲ್ಡ್ ಇಲ್ಲ. ಬೋಲ್ಡ್ ಗುಂಡಿ ಒತ್ತಿದರೆ ಕೆಲವು ಸಾಫ್ಟ್‌ವೇರ್ ಸುಮ್ನೆ ಅಂಚಿಗೆ ಮಸಿ ಬಳಿದು ಸುಳ್ಳು ಬೋಲ್ಡ್ ಕೊಡುತ್ತದೆ, ಸೊನ್ನೆಗಳೆಲ್ಲ ತುಂಬಿಕೊಳ್ಳುತ್ತವೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮುಕ್ತ ಪರವಾನಗಿ. ಹಾಗಿರುವಾಗ ‘ಸಾವಿರ ಕನ್ನಡ ಫಾಂಟ್’ ಅಂತ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕಸವನ್ನು ಯಾಕೆ ಹಾಕಿಕೊಳ್ಳುತ್ತೀರೋ ಗೊತ್ತಿಲ್ಲ. ಬಹುಪಾಲು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ಹಳೇ ಫಾಂಟುಗಳು. ಫಾಂಟ್ ಬದಲಿಸಿದ ಕೂಡಲೇ ಇಡೀ ಲೇಖನ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗುತ್ತದೆ.

ಫಾಂಟ್ ಪರೀಕ್ಷೆಗೆ ‘ಕನ್ನಡ’ ಅಂತ ಟೈಪ್ ಮಾಡಬೇಡಿ, ಆ ಪದ ಯಾವ ಫಾಂಟಿನಲ್ಲೂ ಚಂದವೇ. ‘ಸ್ಟ್ರಾಟೊಕಾಸ್ಟರ್’ ಅಂತ ಟೈಪ್ ಮಾಡಿ. ಸ ಕೆಳಗೆ ಎರಡು ಒತ್ತು, ಕೊನೆಗೆ ಅರ್ಧಾಕ್ಷರ, ರಾಕ್ ಪತ್ರಿಕೆಯಲ್ಲಿ ಈ ಗಿಟಾರ್ ಬಂದೇ ಬರುತ್ತದೆ. ಆಮೇಲೆ ‘ಆರ್ಕೆಸ್ಟ್ರಾ’, ‘ಡ್ರಮ್ಸ್’, ‘ಕಂಠ’, ‘ಧ್ವನಿ’. ಈ ಐದನ್ನು 9 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆದು ಟ್ಯೂಬ್‌ಲೈಟ್ ಕೆಳಗೆ ಓದಿ.

‘ಸ್‌ಟ್‌ರಾಟೊಕಾಸ್‌ಟರ್’ ಅಂತ ಒಡೆದು ಬಂದರೆ ಫಾಂಟಿನ ತಪ್ಪಲ್ಲ. ಪುಟ ವಿನ್ಯಾಸದ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗ್‌ಗೆ ಹೋಗಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಇದೊಂದು ಗೊತ್ತಿಲ್ಲದೆ ಒತ್ತುಗಳನ್ನು ಒಂದೊಂದಾಗಿ ಕೈಯಲ್ಲಿ ಕೂರಿಸಿ ರಾತ್ರಿಯಿಡೀ ಕೂತವರನ್ನು ನೋಡಿದ್ದೇನೆ.

ಸಾಲಿನ ಅಂತರವನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಇನ್‌ಡಿಸೈನ್ ತಾನಾಗಿ ಕೊಡುವುದು ಅಕ್ಷರದ 120 ಪ್ರತಿಶತ, ಅಂದರೆ 10ಕ್ಕೆ 12. ಇಂಗ್ಲಿಷಿಗೆ ಸಾಕು. ನಮಗೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. 10ಕ್ಕೆ 15 ಇಡಿ. ಅಕ್ಷರಗಳ ನಡುವಿನ ಜಾಗ, ಟ್ರ್ಯಾಕಿಂಗ್ ಅನ್ನುತ್ತಾರಲ್ಲ, ಅದನ್ನು ಮುಟ್ಟಲೇಬೇಡಿ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಎಳೆದು ಹಿಗ್ಗಿಸಿದರೆ ಸ್ಟೈಲ್ ಆಗಿ ಕಾಣುತ್ತದೆ. ಕನ್ನಡದಲ್ಲಿ ಎಳೆದರೆ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಮದುವೆ ಮನೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ ಅಡ್ಡಾಡುತ್ತವೆ. ಅಗಲ ಬೇಕಾದರೆ ಅಗಲದ ಫಾಂಟ್ ಬಳಸಿ.

‘ಓದಲು ಆಗದಿದ್ದರೇ ರಾಕ್’ ಅನ್ನುವವರು ವಿನ್ಯಾಸಕ ಡೇವಿಡ್ ಕಾರ್ಸನ್ ಹೆಸರು ತೆಗೆಯುತ್ತಾರೆ. ಅಮೆರಿಕದ ರೇ ಗನ್ ಎಂಬ ಸಂಗೀತ ಪತ್ರಿಕೆಯಲ್ಲಿ ಅವರು ಗಾಯಕ ಬ್ರಯಾನ್ ಫೆರಿ ಸಂದರ್ಶನ ಬೋರ್ ಅನಿಸಿ ಅದನ್ನು ಇಡಿಯಾಗಿ ಜಾಫ್ ಡಿಂಗ್‌ಬ್ಯಾಟ್ಸ್ ಎಂಬ ಬರೀ ಚಿಹ್ನೆಗಳ ಫಾಂಟಿನಲ್ಲಿ ಹಾಕಿದ್ದರು. ಹೌದು, ಮಜಾ ಇದೆ. ಆದರೆ ಅವರು ಬೇಕೆಂದೇ ಮಾಡಿದ್ದು, ನಿಮ್ಮದು ತಪ್ಪಿ ಆಗಿದ್ದು. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಹೆಜ್ಜೆ 5: ಪತ್ರಿಕೆಯ ಹೆಸರು

ಇದಕ್ಕೆ ಫಾಂಟೇ ಬೇಡ, ಕೈಯಲ್ಲಿ ಬರೆಸಿ. ನಮ್ಮ ಸಿನಿಮಾ ಪೋಸ್ಟರ್, ಅಂಗಡಿ ಬೋರ್ಡ್ ಬರೆಯುತ್ತಿದ್ದ ಕಲಾವಿದರ ಬ್ರಷ್ಷಿನಲ್ಲಿ ಇದ್ದ ಜೋರು ಯಾವ ಫಾಂಟಿನಲ್ಲೂ ಇಲ್ಲ. ನಿಮ್ಮ ಊರಲ್ಲಿ ಅಂಥವರು ಒಬ್ಬರಾದರೂ ಸಿಗಬಹುದು. ಅವರು ಕೇಳಿದಷ್ಟು ಕೊಟ್ಟು ಬರೆಸಿ, ಚೌಕಾಸಿ ಮಾಡಬೇಡಿ. ಯಾರೂ ಸಿಗದಿದ್ದರೆ ದಪ್ಪ ಮಾರ್ಕರ್ ತಗೊಂಡು ನೀವೇ 30 ಸಲ ಬರೆಯಿರಿ. 1976ರಲ್ಲಿ ಲಂಡನ್ನಿನ ಸ್ನಿಫಿನ್ ಗ್ಲೂ ಎಂಬ ಪಂಕ್ ಪತ್ರಿಕೆ ತನ್ನ ಹೆಸರನ್ನು ಸ್ಕೆಚ್ ಪೆನ್ನಿನಲ್ಲಿ ಗೀಚಿ ಜೆರಾಕ್ಸ್ ಹೊಡೆಸಿಯೇ ಹೆಸರು ಮಾಡಿತು. ಬರೆದ ಮೇಲೆ ಹಾಳೆಯನ್ನು ಗೋಡೆಗೆ ಅಂಟಿಸಿ ರಸ್ತೆಯ ಆಚೆ ಬದಿಯಿಂದ ನೋಡಿ. ಅಲ್ಲಿಂದ ಓದಲು ಬರದಿದ್ದರೆ ಪತ್ರಿಕೆ ಅಂಗಡಿಯ ಹಗ್ಗದಲ್ಲಿ ನೇತಾಡುವಾಗಲೂ ಬರುವುದಿಲ್ಲ.

ಹೆಜ್ಜೆ 6: ಪ್ರೆಸ್ಸಿಗೆ

ಪಿಡಿಎಫ್ ಮಾಡುವಾಗ ಫಾಂಟ್ ಎಂಬೆಡ್ ಮಾಡಿ, ಅಂದರೆ ಫೈಲಿನೊಳಗೇ ಸೇರಿಸಿ. ಮುಖಪುಟದ ಅಕ್ಷರಗಳನ್ನು ಮಾತ್ರ ಔಟ್‌ಲೈನ್‌ಗೆ ಬದಲಿಸಿ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಒಮ್ಮೆ ಔಟ್‌ಲೈನ್ ಆದ ಮೇಲೆ ಅದು ಬರೀ ಚಿತ್ರ, ಕಾಗುಣಿತ ತಿದ್ದಲು ಬರುವುದಿಲ್ಲ. ಪ್ರೂಫ್ (ಪರೀಕ್ಷೆಗೆ ತೆಗೆದ ಮಾದರಿ ಪ್ರತಿ) ಬಂದಾಗ ಮೊದಲು ರಿವರ್ಸ್ ಇರುವ ಪುಟ ತೆಗೆದು ಠ ಎಲ್ಲೆಲ್ಲಿದೆ ಅಂತ ಹುಡುಕಿ, ಒಂದೊಂದರ ಹೊಟ್ಟೆಯಲ್ಲೂ ಚುಕ್ಕಿ ಉಳಿದಿದೆಯಾ ನೋಡಿ. ಆಮೇಲೆ ಸಹಿ ಹಾಕಿ.