ಕಾನೂನು ವಿಭಾಗಕ್ಕೆ ಒಂದೇ ಬಾಗಿಲು: ನನ್ನ ಅನುಭವ

ಮಡಿಕೇರಿಯಲ್ಲಿ ಕಚೇರಿಯಿರುವ ಕಾಫಿ ತೋಟಗಳ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ನಾನು ಮತ್ತು ಕಿರಿಯ ಸಹೋದ್ಯೋಗಿ ಇಬ್ಬರೇ ಇದ್ದೇವೆ. ರೊಬಸ್ಟಾ ಕೊಯ್ಲಿನ ಹೊತ್ತಿಗೆ ಮೇಸ್ತ್ರಿಗಳ ಕರಾರು, ಮರದ ಮೇಲಿನ ಕರಿಮೆಣಸಿನ ಗುತ್ತಿಗೆ, ಸಿಲ್ವರ್ ಓಕ್ ಮಾರಾಟ ಎಲ್ಲವೂ ಒಟ್ಟಿಗೆ ಬಂದು, ಆರು ತೋಟಗಳ ಮ್ಯಾನೇಜರ್‌ಗಳ ವಾಟ್ಸಾಪ್ ಸಂದೇಶಗಳು ರಾತ್ರಿ ಹತ್ತಾದರೂ ನಿಲ್ಲುತ್ತಿರಲಿಲ್ಲ.

ಮೊದಲು ಹಣ ಕಳೆದುಕೊಂಡೆ. ವರ್ಷಕ್ಕೆ ಸುಮಾರು 1.8 ಲಕ್ಷ ರೂಪಾಯಿಯ ಸಾಫ್ಟ್‌ವೇರ್ ತರಿಸಿದೆವು; ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ತೋಟಗಳಿಂದ ಒಂಬತ್ತು ತಿಂಗಳಲ್ಲಿ ಮೂವತ್ತು ಕಡತಗಳೂ ಅದಕ್ಕೆ ಸೇರಲಿಲ್ಲ. ಬಳಿಕ ಕರಾರುಗಳನ್ನು ಹೊರಗಿನ ವಕೀಲರಿಗೆ ಕೊಟ್ಟೆವು. ಒಂದಕ್ಕೆ ನಾಲ್ಕು ಸಾವಿರದಷ್ಟು ಕೊಟ್ಟ ಮೇಲೂ ನಾವೇ ಮತ್ತೆ ಓದಬೇಕಾಗುತ್ತಿತ್ತು.

ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕೊಡಬೇಕೆಂಬುದು ನಮಗೆಲ್ಲ ಗೊತ್ತು. ಒಮ್ಮೆ ಬ್ಯಾಂಕಿನ ಅಂಥ ಮಾಹಿತಿಪತ್ರ (ಮೆಮೊ) ತೋಟದ ಕಚೇರಿಯಲ್ಲೇ ಇಪ್ಪತ್ತಾರು ದಿನ ಉಳಿದು, ಕೊನೆಗೆ ಮರ ಮಾರಾಟದ ಫೋಟೊಗಳ ನಡುವೆ ನನ್ನ ಫೋನಿಗೆ ಬಂತು. ನೋಟಿಸ್ ಸಕಾಲಕ್ಕೆ ಹೋಯಿತಾದರೂ ಆಮೇಲೆ ತಿಂಗಳುಗಟ್ಟಲೆ, ಏನೂ ತಪ್ಪದ ದಿನಗಳಲ್ಲೂ, ನಡುರಾತ್ರಿ ಎಚ್ಚರವಾಗುತ್ತಿತ್ತು. ನನ್ನನ್ನು ದಣಿಸುತ್ತಿದ್ದುದು ಕರಡು ಬರೆಯುವ ಕೆಲಸವಲ್ಲ, ದಿನಾಂಕಗಳನ್ನು ತಲೆಯಲ್ಲೇ ಹೊತ್ತು ತಿರುಗುವುದು ಎಂದು ಆಗ ತಿಳಿಯಿತು.

ಆದ್ದರಿಂದ ಬಂದ ಪ್ರತಿಯೊಂದು ಕಾಗದವೂ ತೋಟದ ರೈಟರ್ (ಗುಮಾಸ್ತ) ತುಂಬಿದ ಒಂದು ಪುಟದ ಫಾರ್ಮಿನೊಂದಿಗೇ ಬರಬೇಕು, ಇಲ್ಲದಿದ್ದರೆ ನಾವು ಮುಟ್ಟುವುದಿಲ್ಲ ಎಂದೆ. ವಾಯಿದೆ, ತಕರಾರು ಸಲ್ಲಿಸುವ ದಿನ, ನೋಟಿಸಿನ ಗಡುವು ಇವೆಲ್ಲವನ್ನೂ ಒಂದೇ ಪುಸ್ತಕದಲ್ಲಿ, ನಿಜವಾದ ದಿನ ಮತ್ತು ಅದಕ್ಕೆ ಹತ್ತು ದಿನ ಮುಂಚಿನ ದಿನ ಎಂದು ಎರಡೆರಡು ಬಾರಿ ಬರೆದು, ಪ್ರತಿ ಸೋಮವಾರ ಇಬ್ಬರೂ ಸಹಿ ಹಾಕುತ್ತೇವೆ. ಐದು ಲಕ್ಷದೊಳಗಿನ ಮಾಮೂಲು ಕರಾರುಗಳಿಗೆ ಕನ್ನಡದಲ್ಲಿ ಏಳು ನಮೂನೆಗಳನ್ನು ಮಾಡಿಕೊಟ್ಟೆ. ಅವನ್ನು ಮ್ಯಾನೇಜರ್‌ಗಳೇ ತುಂಬುತ್ತಾರೆ.

ಒಂದು ಪುಟದ ಆ ಫಾರ್ಮನ್ನು ಯಾರೂ ತುಂಬುವುದಿಲ್ಲ ಎಂದು ಆಡಳಿತ ಮಂಡಳಿಯಲ್ಲೇ ಹೇಳಿದ್ದರು. ಮೊದಲ ಫಾರ್ಮನ್ನು ನಿಜಕ್ಕೂ ಯಾರೂ ತುಂಬಲಿಲ್ಲ, ಅದರಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ನಾಲ್ಕನೆಯದರಲ್ಲಿ ಆರೇ ಇವೆ. ಅವುಗಳ ಕ್ರಮದಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಬಿಡಿಸಿ ಹೇಳಲಾರೆ. ನಡುವೆ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಫೋನ್ ಬಂದ್ ಮಾಡಿ ನೋಡಿದೆ; ಇಬ್ಬರೂ ಒಟ್ಟಿಗೆ ಮಾಡಿದಾಗ ಗಲಾಟೆಯಾಯಿತು, ಸರದಿಯಲ್ಲಿ ಮಾಡಿದಾಗ ನಡೆಯಿತು.

ಈಗ ನಮ್ಮ ಮೇಜಿಗೆ ಬರುವ ಕರಾರುಗಳು ಹೆಚ್ಚುಕಡಿಮೆ ಅರ್ಧವಾಗಿವೆ, ಹೊರಗಿನ ವಕೀಲರ ಖರ್ಚು ವರ್ಷಕ್ಕೆ ಮೂರು ಲಕ್ಷದಷ್ಟು ಇಳಿದಿದೆ. ಕಳೆದ ಪುತ್ತರಿ ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿದ್ದೆ. ಪುಸ್ತಕ ಸಹೋದ್ಯೋಗಿಯ ಮೇಜಿನ ಮೇಲಿತ್ತು, ಕಚೇರಿಯಿಂದ ಒಂದೂ ಕರೆ ಬರಲಿಲ್ಲ.